ಉಮರಬ್ಬನ ಬೈರಿಗೆ ಮತ್ತು ಏಳು ಕೆಂಪು ಗುರುತು

ಸಿಟ್ಟು ಬಂದರೆ ಉಮರಬ್ಬ ಬೊಬ್ಬೆ ಹಾಕುವ ಮೊದಲು ಲುಂಗಿ ಎತ್ತಿ ಕಟ್ಟುತ್ತಾನೆ. ಹಾಗೆ ಕಟ್ಟಿದ್ದನ್ನು ಕಂಡರೆ ಬೆಂಗ್ರೆಯಿಂದ ಹೊಳೆ ದಾಟುವ ಫೆರಿಯಲ್ಲಿ ಜನ ತಾವಾಗಿಯೇ ಸರಿದು ದಾರಿ ಬಿಡುತ್ತಾರೆ. ಆ ದಿನವೂ ಬಿಟ್ಟರು.

ನಲವತ್ತು ವರ್ಷ ದೋಣಿ ಕಟ್ಟಿದ ಕೈ ಅವನದು. ಹೊಳೆಯಾಚೆ, ಪೇಟೆ ಬದಿಯ ಹಳೆಯ ಮರದ ಮಸೀದಿಯ ಮಾಳಿಗೆಗೆ ಮಳೆಗಾಲದ ಮೊದಲು ಮೀನೆಣ್ಣೆ ಬಳಿಯುವುದೂ ಅವನದೇ ಪಾಲಿನ ಕೆಲಸ, ದೋಣಿಗೆ ಬಳಿದ ಹಾಗೆಯೇ. ಅಜ್ಜ ಬಳಿದಿದ್ದ, ಅಪ್ಪ ಬಳಿದಿದ್ದ. ಮೂಗು ಮುಚ್ಚಿಕೊಂಡವರಿಗೆ, "ಗೆದ್ದಲಿಗೂ ಇದೇ ಕಷ್ಟ" ಎನ್ನುತ್ತಿದ್ದ.

ಈಗ ನೋಡಿದರೆ, ಮಸೀದಿ ಕಮಿಟಿಯವರು ಕೈಯಗಲದ ಡ್ರೋನ್ ತರಿಸಿ ಮಾಳಿಗೆಯಡಿ ಹಾರಿಸಿದ್ದರು. ಫೋಟೋಗಳನ್ನು ನೋಡಿದ ಕಂಪ್ಯೂಟರು ಏಳು ತೊಲೆಗಳಿಗೆ ಕೆಂಪು ಗುರುತು ಹಾಕಿತ್ತು: ಎಲ್ಲ ಕೊಳೆತಿವೆ, ಮಾಳಿಗೆ ಕಳಚಿ ಕಾಂಕ್ರೀಟ್ ಹಾಕಿ.

ಮಸೀದಿಯೊಳಗೆ ಕಮಿಟಿಯ ಕಾರ್ಯದರ್ಶಿ ಶಿಹಾಬ್ ಟ್ಯಾಬನ್ನು ಗುರಾಣಿಯಂತೆ ಹಿಡಿದು ನಿಂತಿದ್ದ. "ನನ್ನ ಮೇಲೆ ಹಾರಬೇಡಿ ಕಾಕ. ಸಂಜೆಯೊಳಗೆ ಒಪ್ಪಿಗೆ ಕಳಿಸಬೇಕು. ಇಂಜಿನಿಯರ್ ಅಶ್ಮಿತಾ ಇದರಲ್ಲೇ ಲೈನಿನಲ್ಲಿದ್ದಾರೆ, ಅವರಲ್ಲೇ ಹೇಳಿ."

"ನೀವು ಮರ ಮುಟ್ಟಿ ನೋಡಿದ್ದೀರಾ?" ಉಮರಬ್ಬ ಕೇಳಿದ.

"ಮುಟ್ಟುವ ಅಗತ್ಯ ಇಲ್ಲ ಉಮರಬ್ಬನವರೇ," ಅಶ್ಮಿತಾ ಟ್ಯಾಬಿನೊಳಗಿಂದ ಹೇಳಿದಳು. " ಕಪ್ಪು ಕಲೆ ಇಲ್ಲಿಂದಲೇ ಕಾಣ್ತದೆ."

"ಅದು ನನ್ನ ಮೀನೆಣ್ಣೆ ಮಾರಾಯ್ತಿ! ನಿಮ್ಮ ಡ್ರೋನಿಗೆ ಮೂಗು ಉಂಟಾ? ನೀವು ಕೂತದ್ದು ಎಲ್ಲಿ?"

"ಬಿಕರ್ನಕಟ್ಟೆ."

"ಬಿಕರ್ನಕಟ್ಟೆ! ಇಲ್ಲೇ ಪಕ್ಕದಲ್ಲಿ! ನಾನು ದುಬೈ ಅಂತ ಮಾಡಿದ್ದೆ. ಅಲ್ಲಿಂದ ಇಲ್ಲಿಗೆ ಬಸ್ಸಿಲ್ವಾ?"

ಉತ್ತರಕ್ಕೆ ಕಾಯದೆ ಏಣಿ ಇಟ್ಟ. ಮೊಣಕಾಲು ಕಟಕಟ ಎಂದಿತು. ಮೊದಲ ತೊಲೆಗೆ ಮರ ಕೊರೆಯುವ ಬೈರಿಗೆ ಒತ್ತಿ ತಿರುವಿದ. ಗಟ್ಟಿ ಮರ ಕಿರುಗುಟ್ಟಿ, ಒಣ ಹಳದಿ ಹುಡಿ ಉದುರಿತು. ಅಂಗೈಯಲ್ಲಿ ಹಿಡಿದು ಟ್ಯಾಬಿನ ಮೂತಿಗೇ ಒಡ್ಡಿದ. "ಇದಾ ಕೊಳೆತದ್ದು?" ಇಳಿದ, ಏಣಿ ಸರಿಸಿದ, ಹತ್ತಿದ. "ಇದಾ?" ಆರನೆಯದಕ್ಕೆ ಬರುವಾಗ ಅಶ್ಮಿತಾಳ ದನಿ ಸಣ್ಣದಾಗಿತ್ತು. "ಅದರ ಕೆಂಪನ್ನೂ ಅಳಿಸಿದೆ."

ಏಳನೆಯದು ಮೂಲೆಯಲ್ಲಿತ್ತು. ಬೈರಿಗೆ ಕಿರುಗುಟ್ಟಲಿಲ್ಲ. ಹಣ್ಣಾದ ಹಲಸಿಗೆ ಚುಚ್ಚಿದ ಹಾಗೆ ಸರ್ರನೆ ಒಳಗಿಳಿಯಿತು. ಬಂದದ್ದು ಕಪ್ಪು ಕೆಸರು.

ಉಮರಬ್ಬ ಏಣಿಯ ಮೇಲೇ ನಿಂತುಬಿಟ್ಟ. ಎರಡು ವರ್ಷದಿಂದ ಕಾಲು ನೋವೆಂದು ಅವನು ಈ ಮೂಲೆಗೆ ಹತ್ತಿರಲೇ ಇಲ್ಲ. ಉದ್ದ ಬಿದಿರಿಗೆ ಬಟ್ಟೆ ಸುತ್ತಿ, ನೆಲದ ಮೇಲೆ ನಿಂತೇ ಎಣ್ಣೆ ಬಳಿದಿದ್ದ. ಕೆಳಗಿನಿಂದ ಎಲ್ಲವೂ ಒಂದೇ ಕಪ್ಪಾಗಿ, ಚಂದವಾಗಿ ಹೊಳೆದಿತ್ತು.

ಶಿಹಾಬ್ ಟ್ಯಾಬನ್ನು ಅಂಗಿಗೆ ಒತ್ತಿಕೊಂಡು ಪಿಸುಗುಟ್ಟಿದ: "ಇದೊಂದು ಬಿಡಿ ಕಾಕ. ಎಲ್ಲ ಗಟ್ಟಿ ಅಂತ ಹೇಳುವ. ಅವರಿಗೆ ಎಂತ ಗೊತ್ತಾಗ್ತದೆ?"

"ಎತ್ತು ಆ ಟ್ಯಾಬನ್ನು!" ಮಾಳಿಗೆಯ ಪಾರಿವಾಳಗಳು ಪಟಪಟನೆ ಹಾರಿದವು. "ನಾಳೆ ನಮಾಜಿಗೆ ಇದರಡಿ ನಿಲ್ಲುವವರು ಯಾರು, ನಿನ್ನ ಟ್ಯಾಬಾ?"

ಕೆಸರು ಮೆತ್ತಿದ ಬೆರಳನ್ನು ತಾನೇ ಪರದೆಗೆ ತೋರಿಸಿದ. "ಇದು ಕೊಳೆತದ್ದು ಹೌದು. ಬರೆಯಿರಿ. ಕೆಳಗೆ ನಿಂತು ಎಣ್ಣೆ ಬಳಿದವನ ಹೆಸರೂ ಬರೆಯಿರಿ, ಉಮರಬ್ಬ ಅಂತ."

ಅಶ್ಮಿತಾ ಬರೆದುಕೊಂಡಳು. "ಒಂದೇ ತೊಲೆಯಾದರೆ ಮಾಳಿಗೆ ಕಳಚುವುದು ಬೇಡ. ಅದನ್ನು ಬದಲಾಯಿಸಿದರೆ ಸಾಕು. ನಾಳೆ ನಾನೇ ಬರ್ತೇನೆ."

"ಬನ್ನಿ. ಏಣಿ ಹತ್ತುವ ಹಾಗೆ ಬನ್ನಿ."

ಇಳಿದವನೇ ಗೋಡೆಗೊರಗಿದ್ದ ಆ ಎಣ್ಣೆಯ ಬಿದಿರನ್ನು ಮೆಟ್ಟಿ ಮುರಿದ. ಮನೆಗೆ ಹೊರಟಾಗ ಫೆರಿಯಲ್ಲಿ ಜನ ಮತ್ತೆ ದಾರಿ ಬಿಟ್ಟರು. ಲುಂಗಿ ಇನ್ನೂ ಎತ್ತಿಯೇ ಇತ್ತು.