ಗಾಳಿಕೋಣೆಯ ಕಾಫಿ

ಅರವತ್ತರ ದಶಕದಲ್ಲಿ ಸೂರತ್ತಿನ ಆಚೆ, ನದಿ ಅಗಲವಾಗಿ ಹೋಗಿ ಸಮುದ್ರಕ್ಕೆ ಸೇರುವ ಕಡೆ, ಒಂದು ಭಾರಿ ಸೇತುವೆ ಕಟ್ಟುತ್ತಿದ್ದರು. ಕಾಗದದ ಮೇಲೆ ಅದು ನದಿಯ ಸೇತುವೆಯೇ ಇದ್ದಿರಬಹುದು. ಆದರೆ ಉಬ್ಬರದ ಹೊತ್ತಿನಲ್ಲಿ ಆಚೆ ದಡ ಕಾಣುತ್ತಿರಲಿಲ್ಲ, ನೀರು ಬಾಯಿಗೆ ಹಾಕಿದರೆ ಉಪ್ಪು. ಊರವರು ಅದನ್ನು ‘ದರಿಯಾ ಪುಲ್’, ಸಮುದ್ರದ ಸೇತುವೆ, ಎಂದೇ ಕರೆಯುತ್ತಿದ್ದರು. ನಾನು ಅಲ್ಲಿ ಎರಡು ವರ್ಷ ಇದ್ದೆ. ಎಂಜಿನಿಯರ್ ಆಗಿ ಅಲ್ಲ, ಕೂಲಿಯವನಾಗಿಯೂ ಅಲ್ಲ. ಕಾಫಿ ಮಾಡುತ್ತಿದ್ದೆ. ಹೇಳಿದರೆ ಈಗಿನವರು ನಗುತ್ತಾರೆ. ನಗಲಿ.

ನಮ್ಮದು ಉಡುಪಿ ಕಡೆಯ ಮನೆತನ. ಬರೋಡಾದ ಫತೇಗಂಜಿನಲ್ಲಿ ಅಣ್ಣನ ಹೋಟೆಲಿತ್ತು. ಒಂದು ದಿನ ಸೇತುವೆ ಕಂಪನಿಯ ಅಧಿಕಾರಿಯೊಬ್ಬರು ಬಂದು ದೋಸೆ ತಿಂದು, ಎರಡು ಲೋಟ ಕಾಫಿ ಕುಡಿದು, “ಇಂಥ ಕಾಫಿ ನಮ್ಮ ಸೈಟಿಗೆ ಬೇಕು, ಬರ್ತೀರಾ?” ಎಂದರು. ಸೂರತ್ತಿನಲ್ಲಿ ಚಹಾಕ್ಕೆ ಬರವೇ ಎಂದು ಅಣ್ಣ ಕೇಳಿದ. ಚಹಾ ಬೇಡವಂತೆ, ಕಾಫಿಯೇ ಆಗಬೇಕಂತೆ, ಡಾಕ್ಟರು ನೋಡುವ ಪುಸ್ತಕದಲ್ಲಿ ಹಾಗೆ ಬರೆದಿದೆಯಂತೆ. ಗುಜರಾತಿನಲ್ಲಿ ಕಾಫಿ ಬೇಕೆಂದರೆ ಮದ್ರಾಸಿಯನ್ನು ಹುಡುಕಬೇಕು, ಅಲ್ಲಿ ನಾವೆಲ್ಲ ಮದ್ರಾಸಿಗಳೇ. ಹೀಗೆ ಇಪ್ಪತ್ತನಾಲ್ಕನೇ ವಯಸ್ಸಿಗೆ ನಾನು ಒಂದು ದೊಡ್ಡ ಹಿತ್ತಾಳೆ ಫಿಲ್ಟರು, ಎರಡು ಹಂಡೆ ಹೊತ್ತು ಸೂರತ್ತಿನ ರೈಲು ಹತ್ತಿದೆ. ಜೊತೆಗೆ ಭಾವ ಇದ್ದ, ಅಕ್ಕನ ಗಂಡ. ಅವನು ಅಣ್ಣನ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದವನು.

ಆ ಪುಸ್ತಕದ ಕಾಫಿಗೆ ಕಾರಣವಿತ್ತು. ಸೇತುವೆಯ ಕಂಬ ನಿಲ್ಲಬೇಕಾದರೆ ನೀರಿನಡಿಯ ಕೆಸರು ದಾಟಿ ಗಟ್ಟಿ ನೆಲ ಮುಟ್ಟಬೇಕು. ಅದಕ್ಕೆ ಬಾವಿಯಂಥ ಕಾಂಕ್ರೀಟಿನ ದೊಡ್ಡ ಕೊಳವೆಯನ್ನು ನೀರಿಗೆ ಇಳಿಸುತ್ತಿದ್ದರು. ಅದರ ತಳದಲ್ಲಿ ಒಂದು ಮುಚ್ಚಿದ ಕೋಣೆ. ಯಂತ್ರದಿಂದ ಅದರೊಳಗೆ ಗಾಳಿ ತುಂಬಿ, ಆ ಗಾಳಿಯ ಒತ್ತಡದಿಂದಲೇ ನೀರು ನುಗ್ಗದಂತೆ ತಡೆದು, ಜನ ಇಳಿದು ಗುದ್ದಲಿ ಹಿಡಿದು ಕೆಸರು ತೋಡುತ್ತಿದ್ದರು. ಇಳಿಯುವುದು ಅಂಥ ಕಷ್ಟವಲ್ಲ, ಮೇಲೆ ಬರುವುದು ಕಷ್ಟ. ಒತ್ತಿದ ಗಾಳಿ ಮೈಯೊಳಗೆ ಸೇರಿರುತ್ತದೆ. ಅವಸರ ಮಾಡಿ ಹೊರಗೆ ಬಂದರೆ, ಗೋಲಿಸೋಡಾದ ಗೋಲಿ ಒತ್ತಿದ ಹಾಗೆ, ರಕ್ತದಲ್ಲಿ ಗುಳ್ಳೆ ಏಳುತ್ತದೆ. ಅದು ಮೊಣಕಾಲಿಗೆ ಹೋದರೆ ನೋವು, ಬೆನ್ನುಹುರಿಗೆ ಹೋದರೆ ಮನುಷ್ಯ ಮತ್ತೆ ಏಳುವುದಿಲ್ಲ. ಆದ್ದರಿಂದ ಬಾವಿಯ ಮೇಲ್ತುದಿಯ ಕಬ್ಬಿಣದ ಕೋಣೆಯಲ್ಲಿ ಬಾಗಿಲು ಹಾಕಿ ಅವರನ್ನು ಕೂರಿಸಿ, ಸುಮಾರು ಮುಕ್ಕಾಲು ಗಂಟೆ ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಹೊರಗೆ ಬಂದಾಗ ಮೈ ಥರಥರ ನಡುಗುತ್ತಿರುತ್ತದೆ. ಆಗ ಬಿಸಿ ಕಾಫಿ, ಬಾಗಿಲಲ್ಲೇ.

ಆ ಕಬ್ಬಿಣದ ಕೋಣೆಯ ಗಾಳಿ ಬಿಡುವವನು ಸೂರತ್ತಿನವನೇ, ಐವತ್ತು ದಾಟಿದ ನಿಧಾನದ ಮನುಷ್ಯ. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು. ಜನ ಕೆಳಗಿಂದ ಬಂದು ಕೋಣೆಯಲ್ಲಿ ಕೂತ ಕೂಡಲೇ ಅವನು ನೇತುಹಾಕಿದ ಹಳಿಯ ತುಂಡಿಗೆ ಮೂರು ಏಟು ಹಾಕುತ್ತಿದ್ದ. ದಡದ ಶೆಡ್ಡಿನಲ್ಲಿ ಅದು ಕೇಳಿಸಿದಾಗ ನಾನು ಫಿಲ್ಟರಿನ ಪುಡಿಗೆ ಕುದಿನೀರು ಸುರಿಯುತ್ತಿದ್ದೆ. ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯಬೇಕು, ಹಾಲು ಕಾಯಬೇಕು, ಬೆರೆಸಿ ದೊಡ್ಡ ಕೆಟ್ಲಿಗೆ ಹಾಕಿ, ಮರದ ಅಟ್ಟಣೆಯ ಮೇಲೆ ಕಾಲಿಟ್ಟು ಕಾಲಿಟ್ಟು ಬಾವಿಯವರೆಗೆ ನಡೆಯಬೇಕು. ಕೆಳಗೆ ನೀರು ಬಂದು ಹಲಗೆಗೆ ಬಡಿಯುತ್ತಿರುತ್ತದೆ. ನಾನು ಮುಟ್ಟುವ ಹೊತ್ತಿಗೂ ಅವರು ಹೊರಬರುವ ಹೊತ್ತಿಗೂ ಸರಿಹೋಗುತ್ತಿತ್ತು. ಅದು ನನ್ನ ಹೆಮ್ಮೆ. ಕಾಫಿ ಆರಿದ್ದೂ ಇಲ್ಲ, ಜನ ಕಾದದ್ದೂ ಇಲ್ಲ.

ಮಳೆಗಾಲ ಕಳೆದ ಮೇಲೆ ಕಾಕಾನ ಗಡಿಯಾರ ಉಪ್ಪುಗಾಳಿಗೆ ತುಕ್ಕು ಹಿಡಿದು ನಿಂತಿತು. ಹೊಸದಕ್ಕೆ ಅಹಮದಾಬಾದಿನ ಆಫೀಸಿಗೆ ಬರೆದರು. ಬರುತ್ತದೆ, ಬರುತ್ತದೆ ಎಂದರು. ಕೈಗಡಿಯಾರ ಇದ್ದ ಎಂಜಿನಿಯರು ಬೆಳಿಗ್ಗೆ ಒಂದು ಸುತ್ತು ಹಾಕಿ ಹೋಗುವವರು. ಕಾಕಾ ಒಂದು ವಾರ ನನ್ನನ್ನು ಗಮನಿಸಿ, ಒಂದು ದಿನ ಕೆಟ್ಲಿ ಇಸಿದುಕೊಳ್ಳುತ್ತಾ ನಕ್ಕ.

“ಅಬ್ ತೂ ಹೀ ಮೇರಾ ಘಡಿಯಾಲ್.” ಇನ್ನು ನೀನೇ ನನ್ನ ಗಡಿಯಾರ.

ಅಂದಿನಿಂದ ನಾನು ಅಟ್ಟಣೆಯ ಕೊನೆಯ ತಿರುವಿನಲ್ಲಿ ಕಂಡರೆ ಅವನು ವಾಲ್ವನ್ನು ಪೂರ್ತಿ ತಿರುಗಿಸುವುದು, ನಾನು ಬಾಗಿಲಿಗೆ ಬಂದರೆ ಬಾಗಿಲು ತೆರೆಯುವುದು ಎಂದಾಯಿತು. ಒಂದು ತಿಂಗಳು ಹಾಗೇ ನಡೆಯಿತು, ಯಾರಿಗೂ ಏನೂ ಆಗಲಿಲ್ಲ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಚೆನ್ನಾಗಿ ಗೊತ್ತಿತ್ತು, ಉಬ್ಬಿಹೋಗಿದ್ದೆ.

ಅಷ್ಟರಲ್ಲಿ ಭಾವ ನನ್ನ ಶೆಡ್ಡು ಬಿಟ್ಟು ಬಾವಿಗೆ ಇಳಿಯುವವರ ತಂಡ ಸೇರಿದ್ದ. ಅಲ್ಲಿ ಸಂಬಳ ಜಾಸ್ತಿ. ಅಕ್ಕ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ಅವಳು ಮಗುವಿನೊಂದಿಗೆ ಬರುವ ಹೊತ್ತಿಗೆ ಸೂರತ್ತಿನಲ್ಲಿ ಒಂದು ಕೋಣೆ ಹಿಡಿಯಬೇಕು, ಮತ್ತೆ ಹೋಟೆಲಿನ ಹಿಂದಿನ ಹೊಗೆಯಲ್ಲಿ ಅವಳನ್ನು ಮಲಗಿಸಬಾರದು ಎಂದು ಅವನ ಹಟ.

“ನಿನಗೆಂತ ಮರುಳಾ ಭಾವ? ಕಾಲು ಹೋದರೆ ಕೋಣೆ ತಗೊಂಡು ಎಂತ ಮಾಡುದು?” ಎಂದೆ.

“ನೀನು ಕಾಫಿ ಸರಿ ಮಾಡು ಮಾರಾಯ, ನನ್ನ ಕಾಲಿಗೆ ಏನೂ ಆಗುದಿಲ್ಲ,” ಎಂದ. ಆಮೇಲೆ ದೊಡ್ಡ ಗುಟ್ಟು ಹೇಳುವವನ ಹಾಗೆ ಹತ್ತಿರ ಬಂದ. “ಕೆಳಗೆ ಒಂದು ವಿಚಿತ್ರ ಉಂಟು, ಗೊತ್ತುಂಟಾ? ಶಿಳ್ಳೆ ಬರುದಿಲ್ಲ. ಎಷ್ಟು ಊದಿದರೂ ಬರೀ ಗಾಳಿ.” ಅವನು ಶಿಳ್ಳೆ ಹಾಕುವುದರಲ್ಲಿ ನಿಸ್ಸೀಮ. ಮಗುವಿಗೆ ಕೇಳಿಸಲೆಂದು ಒಂದು ಹೊಸ ಶಿಳ್ಳೆಯನ್ನು ಅಭ್ಯಾಸ ಮಾಡಿಟ್ಟಿದ್ದ. ಮಗುವಿಗೆ ಐದು ತಿಂಗಳು ತುಂಬಿತ್ತು, ಅವನು ಇನ್ನೂ ಮುಖ ನೋಡಿರಲಿಲ್ಲ.

ಅಕ್ಕ ಚಿಕ್ಕಪ್ಪನ ಜೊತೆ ಮುಂಬಯಿಗೆ ಬಂದು, ಅಲ್ಲಿಂದ ಮಧ್ಯಾಹ್ನದ ಗಾಡಿಗೆ ಸೂರತ್ತಿಗೆ ಬರುವುದೆಂದು ಕಾಗದ ಬಂತು. ಆ ದಿನ ಭಾವನಿಗೆ ಬೆಳಗಿನ ಪಾಳಿ. ಪಾಳಿ ಮುಗಿಸಿ, ಕಾಫಿ ಕುಡಿದು, ಇಬ್ಬರೂ ಒಟ್ಟಿಗೆ ಸ್ಟೇಷನ್ನಿಗೆ ಹೋಗುವುದೆಂದು ಮಾತಾಗಿತ್ತು. ಆದರೆ ಕೆಳಗೆ ಬಂಡೆಯೊಂದು ಅಡ್ಡ ಬಂದು ಪಾಳಿ ತಡವಾಯಿತು. ನಾನು ಶೆಡ್ಡಿನಲ್ಲಿ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದೆ. ಕಡೆಗೂ ಹಳಿಯ ಮೇಲೆ ಮೂರು ಏಟು ಬಿತ್ತು.

ಪಾತ್ರೆಯಲ್ಲಿ ಬೆಳಗಿನ ಡಿಕಾಕ್ಷನ್ ಉಳಿದಿತ್ತು. ಹೋಟೆಲಿನವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ: ಉಳಿದದ್ದನ್ನು ಬಿಸಿ ಮಾಡಿ, ಹಾಲು ಸ್ವಲ್ಪ ಜಾಸ್ತಿ ಹಾಕಿ, ಸಕ್ಕರೆಯನ್ನೂ ಹೆಚ್ಚು ಮಾಡಿದರೆ ಗಿರಾಕಿಗೆ ತಿಳಿಯುವುದಿಲ್ಲ. ನಾನು ಹೊಸದಾಗಿ ನೀರು ಸುರಿಯಲಿಲ್ಲ. ಬೇಗ ಹೋಗಿ ಮುಟ್ಟಿದರೆ ಬೇಗ ಹೊರಡಬಹುದು ಎಂದಷ್ಟೇ ತಲೆಯಲ್ಲಿದ್ದದ್ದು. ಅಟ್ಟಣೆಯ ಮೇಲೆ ಹೆಚ್ಚುಕಡಿಮೆ ಓಡಿದೆ. ತಿರುವಿನಲ್ಲಿ ಕಾಕಾ ನನ್ನನ್ನು ನೋಡಿದ, ಎಂದಿನಂತೆ ಕೈಯೆತ್ತಿದ, ವಾಲ್ವ್ ತಿರುಗಿಸಿದ. ಗಾಳಿ ಭುಸ್ ಎಂದು ಹೋದದ್ದು ನನಗೆ ಕೇಳಿಸಿತು. ಎಂದಿಗಿಂತ ಜೋರಾಗಿ ಕೇಳಿಸಿತು. ಆಗಲೂ ನನಗೆ ಹೊಳೆಯಲಿಲ್ಲ.

ನಾಲ್ಕು ಜನ ಹೊರಬಂದರು. ಭಾವ ಕೊನೆಯವನು. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ. ಆಮೇಲೆ ಉಳಿದದ್ದನ್ನು ಗಟಗಟ ಕುಡಿದ. “ನಡಿ ನಡಿ, ಗಾಡಿ ಬಂತು,” ಎಂದ.

ಸ್ಟೇಷನ್ನಿನಲ್ಲಿ ಅಕ್ಕ ಇಳಿದಾಗ ಅವನು ಮಗುವನ್ನು ಎತ್ತಿಕೊಂಡ. ಶಿಳ್ಳೆ ಹಾಕಿದ. ಮಗು ಕಣ್ಣರಳಿಸಿ ನೋಡಿತು. ಟಾಂಗಾ ಹತ್ತುವಾಗ ಅವನು ಮಗುವನ್ನು ನನ್ನ ಕೈಗೆ ಕೊಟ್ಟು, “ಹಿಡ್ಕೊ, ಕಾಲು ಯಾಕೋ ಜುಮುಜುಮು ಆಗ್ತದೆ,” ಎಂದ, ಅಲ್ಲೇ ಕುಸಿದ. ಅದೇ ಟಾಂಗಾದಲ್ಲಿ ಸೈಟಿಗೆ ವಾಪಸ್ ತಂದೆವು. ಇಂಥವರಿಗೆಂದೇ ಇಟ್ಟಿದ್ದ ಇನ್ನೊಂದು ಕಬ್ಬಿಣದ ಕೋಣೆಯಲ್ಲಿ ಮಲಗಿಸಿ ಮತ್ತೆ ಗಾಳಿಯ ಒತ್ತಡ ಕೊಟ್ಟು, ಇಡೀ ಒಂದು ದಿನ ತೆಗೆದುಕೊಂಡು ಅದನ್ನು ಇಳಿಸಿದರು. ಅಕ್ಕ ಹೊರಗೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಆ ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಜೀವ ಉಳಿಯಿತು. ಎಡಗಾಲು ಅವನ ಮಾತು ಮತ್ತೆ ಕೇಳಲಿಲ್ಲ. ಉಳಿದ ಮೂವರಲ್ಲಿ ಒಬ್ಬನಿಗೆ ಎರಡು ದಿನ ಮೊಣಕೈ ನೋವು, ಅಷ್ಟೇ.

ವಿಚಾರಣೆಗೆ ಎಂಜಿನಿಯರು ಕೂತರು. ಕಾಕಾ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಗಡಿಯಾರ ಇಲ್ಲ, ಕಾಫಿ ಬಂತು, ತೆರೆದೆ. ಕೋಣೆಯಲ್ಲಿ ಇಬ್ಬರು ನಕ್ಕರು. ಕಾಫಿ ನೋಡಿ ಮನುಷ್ಯರನ್ನು ಹೊರಗೆ ಬಿಡುತ್ತೀಯಾ ಎಂದು ಬೈದರು. ಆಮೇಲೆ ನನ್ನ ಕಡೆ ತಿರುಗಿ, ಅವತ್ತು ಕಾಫಿ ಬೇಗ ತಂದೆಯಾ ಎಂದು ಕೇಳಿದರು.

“ಯಾವಾಗಿನ ಹಾಗೆಯೇ ಸಾಹೇಬ್,” ಎಂದೆ.

ಕಾಕಾ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದ್ದು ತನ್ನದೇ ಇರಬಹುದೇ ಎಂದು ಅನುಮಾನ ಬಂದವನ ಹಾಗೆ ನೋಡಿದ. ನಾನು ಹೇಡಿ. ಅದಕ್ಕೆ ಬೇರೆ ಶಬ್ದ ಹುಡುಕುವ ಅಗತ್ಯವಿಲ್ಲ. ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು. ಅದರ ಮರುವಾರ ಅಹಮದಾಬಾದಿನಿಂದ ಗಡಿಯಾರ ಬಂತು. ನಾನು ಇನ್ನೂ ಒಂದು ವರ್ಷ ಅಲ್ಲಿ ಕಾಫಿ ಮಾಡಿದೆ, ಪ್ರತಿ ಸಲವೂ ಹೊಸ ಡಿಕಾಕ್ಷನ್ ಹಾಕಿ. ಯಾರಿಗೆ ಬೇಕಿತ್ತು ಅದು!

ಭಾವ ಬರೋಡಾಕ್ಕೆ ಮರಳಿದ. ಅಣ್ಣನ ಹೋಟೆಲಿನಲ್ಲಿ ಕೂತು ಮಾಡುವ ಕೆಲಸ ನೋಡಿಕೊಂಡ, ಆಮೇಲೆ ಮಂಜಲ್‌ಪುರದಲ್ಲಿ ಒಂದು ಸಣ್ಣ ಮನೆ ಮಾಡಿದ. ಕಾಲಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಕ್ಕ ಮಾತ್ರ ಕಾಕಾನನ್ನು ಬಾಯ್ತುಂಬ ಶಪಿಸುತ್ತಿದ್ದಳು. “ಆ ಮುದುಕನಿಗೆ ಕಣ್ಣಿರಲಿಲ್ಲವಾ?” ಎನ್ನುವಳು. ಅವಳು ಹಾಗೆಂದಾಗ ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ.

ಇಪ್ಪತ್ತು ವರ್ಷದ ಮೇಲೆ ಒಂದು ಭಾನುವಾರ ಅವರ ಮನೆಯಲ್ಲಿದ್ದೆ. ಅಕ್ಕ ದೇವಸ್ಥಾನಕ್ಕೆ ಹೋಗಿದ್ದಳು. ಅಂದು ಸ್ಟೇಷನ್ನಿನಲ್ಲಿ ಕಣ್ಣರಳಿಸಿದ್ದ ಆ ಮಗು ಈಗ ಕಾಲೇಜು ಹುಡುಗಿ. ಕನ್ನಡ ಅರ್ಥವಾಗುತ್ತದೆ, ಮಾತು ಗುಜರಾತಿ. ಅವಳು ಕಾಫಿ ತಂದಿಟ್ಟಳು. ಭಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

“ಇದು ನಿನ್ನೆಯ ಡಿಕಾಕ್ಷನ್.”

“ಚಾಲ್ಸೇ ನೇ, ಪಪ್ಪಾ,” ನಡೆಯುತ್ತದೆ ಬಿಡಿ ಎಂದು ಅವಳು ಒಳಗೆ ಹೋದಳು.

ಭಾವ ಲೋಟವನ್ನೇ ನೋಡುತ್ತಾ, “ಅವತ್ತಿನದ್ದೂ ಹೀಗೇ ಇತ್ತು,” ಎಂದ.

ನಾನು ಅವನ ಕಡೆ ತಿರುಗಿದೆ. “ನಿನಗೆ ಗೊತ್ತಿತ್ತಾ?”

“ಉಡುಪಿಯವನಿಗೆ ಹಳೇ ಡಿಕಾಕ್ಷನ್ ಗೊತ್ತಾಗುದಿಲ್ಲವಾ? ಮೊದಲ ಗುಟುಕಿಗೇ ಗೊತ್ತಾಯಿತು. ಒಳಗೆ ಕೂತ ಹೊತ್ತು ಸಾಲಲಿಲ್ಲ, ವಾಪಸ್ ಹೋಗಿ ಕೂತುಕೊಳ್ಳಬೇಕು ಅಂತಲೂ ಗೊತ್ತಾಯಿತು.”

“ಮತ್ತೆ ಯಾಕೆ ಹೋಗಲಿಲ್ಲ ಮಾರಾಯಾ!” ನಾನು ಕಿರುಚಿದೆ ಎಂದೇ ಹೇಳಬೇಕು.

“ಒಳಗೆ ಕೂತರೆ ಗಾಡಿ ತಪ್ಪುತ್ತಿತ್ತು,” ಎಂದ. “ಮಗು ಬರುತ್ತಿತ್ತಲ್ಲ. ನನಗೂ ಅವಸರ ಇತ್ತು.”

ಒಳಗೆ ಅವನ ಮಗಳು ಪಾತ್ರೆ ತೊಳೆಯುತ್ತಾ ಶಿಳ್ಳೆ ಹಾಕುತ್ತಿದ್ದಳು, ಅಪ್ಪನಿಂದ ಕಲಿತದ್ದೇ. ಇಪ್ಪತ್ತು ವರ್ಷ ಹೊತ್ತಿದ್ದರಲ್ಲಿ ಅರ್ಧ ಭಾರ ಇಳಿಯಿತು ಎಂದುಕೊಂಡೆ. ಅದು ಒಂದು ನಿಮಿಷ ಮಾತ್ರ. ಆಮೇಲೆ ಕಾಕಾ ನೆನಪಾದ. ಅವಸರ ನನಗಿತ್ತು, ಭಾವನಿಗಿತ್ತು. ಅಂದು ಆ ಅಟ್ಟಣೆಯ ಮೇಲೆ ಅವಸರ ಇಲ್ಲದೆ ನಿಂತಿದ್ದವನು ಅವನೊಬ್ಬನೇ. ಅವನ ಮನೆ ಸೂರತ್ತಿನ ಯಾವ ಬೀದಿಯಲ್ಲಿತ್ತೆಂದು ನಾವಿಬ್ಬರೂ ಒಮ್ಮೆಯೂ ಕೇಳಿರಲಿಲ್ಲ.