ಇಪ್ಪತ್ತನೇ ಪುಟ ದಾಟಿದ್ದು

ದೊಡ್ಡನೆಕ್ಕುಂದಿಯ ನಮ್ಮ ಫ್ಯಾಕ್ಟರಿಯಲ್ಲಿ ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ದಿನಗಳವು. ನಾಳೆ ನನ್ನ ಸರದಿಯೇನೋ ಎಂಬ ಭಯ. ಬಸ್ಸಿನಲ್ಲಿ ದಿನಾ ಕಾದಂಬರಿ ತೆರೆದರೂ ಎರಡು ತಿಂಗಳಿಂದ ಇಪ್ಪತ್ತನೇ ಪುಟ ದಾಟಿರಲಿಲ್ಲ.

ಒಂದು ಸಂಜೆ, ಪಕ್ಕದಲ್ಲಿ ಕೂತಿದ್ದ ಬುರ್ಖಾ ತೊಟ್ಟ ಹಿರಿಯ ಹೆಂಗಸು ಕೇಳಿದರು: "ಯಾಕಮ್ಮಾ, ಪುಟಾನೇ ತಿರುಗಿಸ್ತಿಲ್ಲ?"

"ತಲೆಗೆ ಹೋಗ್ತಿಲ್ಲ ಆಂಟಿ."

"ನಂಗೆ ಕನ್ನಡ ಓದಕ್ಕೆ ಬರಲ್ಲ, ಕೇಳಿದ್ರೆ ಗೊತ್ತಾಗತ್ತೆ. ನಂಗೋಸ್ಕರ ಓದಮ್ಮ."

ನಾಚಿಕೊಂಡೇ ಮೆಲ್ಲಗೆ ಓದಿದೆ. ನಿಲ್ಲಿಸಿದಾಗಲೆಲ್ಲ "ಆಮೇಲೆ?" ಎಂದರು. ಹಲಸೂರು ದಾಟುವಷ್ಟರಲ್ಲಿ ಒಂದು ಅಧ್ಯಾಯ ಮುಗಿದಿತ್ತು. ಶಿವಾಜಿನಗರದಲ್ಲಿ ಇಳಿಯುವಾಗ, "ಕಥೇಲಿರೋ ಆ ಗಂಡ ಸುಳ್ಳು ಹೇಳ್ತಿದಾನೆ, ನೋಡ್ತಿರು" ಅಂದರು.

ನಿಜವೇ ಎಂದು ತಿಳಿಯಲು ಭಾನುವಾರದೊಳಗೆ ಪುಸ್ತಕ ಮುಗಿಸಿದೆ. ಗಂಡ ಪಾಪದವನು, ಸುಳ್ಳು ಹೇಳುತ್ತಿದ್ದವಳು ಹೆಂಡತಿ. ಇದನ್ನು ಹೇಳೋಣವೆಂದರೆ ಆಂಟಿ ಮತ್ತೆ ಸಿಕ್ಕಿಲ್ಲ.