ಎರಡು ಬೇರಿನ ಹಾಳೆ

ನೆಲದಿಂದ ಕೆಂಪು ಗಂಟುಗಳು ಎದ್ದಿದ್ದವು. ಎಲೆಯಿಲ್ಲ, ಹಸಿರಿಲ್ಲ. ಎಂ.ಎಸ್ಸಿ. ಓದುವಾಗ ಘಟ್ಟದ ಕಾಡಿಗೆ ಹೋದ ನಮ್ಮ ತಂಡದವರೆಲ್ಲ ಅಣಬೆ ಎಂದರು. ನಾನೊಬ್ಬ ಹೂಬಿಡುವ ಸಸ್ಯ ಎಂದೆ. ಮಣ್ಣು ಬಿಡಿಸಿ, ಅದು ಪಕ್ಕದ ಮರದ ಬೇರಿಗೆ ಕಚ್ಚಿಕೊಂಡಿದ್ದನ್ನು ತೋರಿಸಿದೆ. ಬೇರೆ ಗಿಡದ ಬೇರು ಹೀರಿ ಬದುಕುವ ಅಪರೂಪದ ಬಲನೋಫೋರ.

ನಾನು ಪಾಠ ಮಾಡುವ ರಾಯಚೂರಿನ ಕಾಲೇಜಿನಲ್ಲಿ ಪ್ರತಿ ವರ್ಷ ಈ ಕಥೆ ಹೇಳುತ್ತೇನೆ. ಬುಡ ನೋಡುವ ಬುದ್ಧಿ ನನಗೆ ಮೊದಲೇ ಇತ್ತು, ಪದವಿಯಲ್ಲಿದ್ದಾಗಲೇ ಮಾನ್ವಿ ಕಡೆಯ ನಮ್ಮೂರು ಮಲ್ಲಟದಲ್ಲಿ ಬಿಳಿ ಹೂವಿನ ಕಳೆಯನ್ನು, ನಮ್ಮ ಕಡೆಯ ಮಾತಿನಲ್ಲಿ ಕಸವನ್ನು, ಅದು ಕಚ್ಚಿಕೊಂಡಿದ್ದ ಜೋಳದ ಬೇರಿನ ಸಮೇತ ತೆಗೆದಿದ್ದೆ ಎಂದೂ ಸೇರಿಸುತ್ತೇನೆ.

ಹೋದ ತಿಂಗಳು, ಆ ಗಿಡವನ್ನು ಒಣಗಿಸಿ ಅಂಟಿಸಿದ್ದ ಹಾಳೆಯನ್ನು ಕಾಲೇಜಿನ ಕಪಾಟಿನಿಂದ ತೆಗೆದೆ. ಆ ಕಸವನ್ನು ವರ್ಗೀಕರಣದವರು ಬೇರೆ ಕುಟುಂಬಕ್ಕೆ ಸೇರಿಸಿ ವರ್ಷಗಳಾಗಿದ್ದವು, ಹೆಸರಿನ ಹೊಸ ಚೀಟಿ ಅಂಟಿಸಬೇಕಿತ್ತು. ಒಣಗಿದ ಗಿಡದ ಬುಡದಲ್ಲಿ ಕೂದಲಿನಷ್ಟು ತೆಳುವಾದ ಬೇರು ಜೋಳದ ಬೇರನ್ನು ಹಿಡಿದೇ ಇತ್ತು. ಎಲ್ಲೂ ತುಂಡಾಗಿರಲಿಲ್ಲ. ಅಲ್ಲೇ ನನಗೆ, ಇದು ನನ್ನ ಕೈಕೆಲಸವೇ ಎಂಬ ಅನುಮಾನ ಬಂತು. ದೇವದುರ್ಗದ ಕಡೆ ನಾನು ಕಿತ್ತ ಇದೇ ಜಾತಿಯ ಮೂರು ಗಿಡಗಳು ಅದೇ ಕಪಾಟಿನಲ್ಲಿವೆ. ಮೂರಕ್ಕೂ ಬುಡವಿಲ್ಲ.

ಹಾಳೆಯನ್ನು ಮನೆಗೆ ಒಯ್ದು ಅವ್ವನ ಮುಂದಿಟ್ಟೆ. ನನ್ನ ಓದು ಮುಗಿಯುವವರೆಗೂ ಕಂಡವರ ಹೊಲದಲ್ಲಿ ಕಸ ತೆಗೆದವಳು.

"ಯವ್ವಾ, ಇದನ್ನ ನಾ ಕಿತ್ತಿದ್ನೇನು?"

ಅವ್ವ ಕನ್ನಡಕ ಹಾಕಿಕೊಂಡು ಬುಡ ನೋಡಿದಳು. "ನೀ ಕಿತ್ತಿದ್ರ ಹಿಂಗಿರ್ತಿತ್ತೇನು? ಜುಟ್ಟು ಹಿಡದು ಎಳದಿ, ಬರೇ ತಲಿ ಬಂತು. ನಾನೇ ಕಸ ತೆಗಿಯೋ ಕುರ್ಪಿಲೆ ಮಣ್ಣಿನ ಹೆಂಟಿ ಸಮೇತ ಎಬ್ಬಿಸಿ ಬಕೀಟಿನಾಗ ನೆನಿಯಾಕ ಇಟ್ಟೆ. ಮಣ್ಣು ತಾನ ಬಿಡ್ತು."

"ಅದು ಜೋಳದ ಬೇರಿಗೆ ಕಚ್ಚಿರ್ತದಂತ ನಿನಗ ಗೊತ್ತಿತ್ತಾ?"

"ಕಸ ತೆಗಿಯೋ ಹೆಣ್ಮಕ್ಕಳಿಗೆಲ್ಲ ಗೊತ್ತದ. ನಿಮ್ಮ ಸರ್‌ಗ ಗೊತ್ತಿರಲಿಲ್ಲೇನು?"

ಬಕೀಟಿನಲ್ಲಿ ಕದಡಿದ ಕಪ್ಪು ನೀರು ನೆನಪಾಯಿತು. ಅಥವಾ ಆಕೆ ಹೇಳಿದ್ದರಿಂದ ನೆನಪಾದಂತೆ ಅನಿಸಿತೋ ಏನೋ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಆ ಬೇರನ್ನು ನಂಬುತ್ತೇನೆ.

ಮರುದಿನ ಹೊಸ ಚೀಟಿ ಬರೆದೆ. ಕುಟುಂಬದ ಹೆಸರು ಬದಲಾಯಿತು. ಸಂಗ್ರಹಿಸಿದವರು ಎಂಬಲ್ಲಿ ಅವ್ವನ ಹೆಸರು ಬಂತು. ಹಳೆಯ ಚೀಟಿ ಕೀಳುವ ಪದ್ಧತಿ ನಮ್ಮಲ್ಲಿಲ್ಲ, ಪಕ್ಕಕ್ಕೆ ಹೊಸದು ಅಂಟಿಸುತ್ತೇವೆ. ಹಾಗಾಗಿ ಸಂಗ್ರಹಿಸಿದವನು ನಾನೆಂಬ ನನ್ನ ಸುಳ್ಳೂ ಅಲ್ಲೇ ಇದೆ, ಇರಲಿ.

ಮೊನ್ನೆ ಅವ್ವನನ್ನು ಕಾಲೇಜಿಗೆ ಕರೆದೊಯ್ದು ವಿದ್ಯಾರ್ಥಿಗಳೆದುರು ಹಾಳೆ ತೆರೆದೆ. ಇದನ್ನು ತೆಗೆದವರು ಇವರು, ಕಾಡಿನಲ್ಲಿ ನನಗೆ ಬುಡ ನೋಡಬೇಕು ಅನ್ನಿಸಿದ್ದೂ ಇವರಿಂದಲೇ ಎಂದೆ. ಹೇಳುವಾಗ ನನ್ನ ದನಿ ಎಂದಿಗಿಂತ ದೊಡ್ಡದಾಗಿತ್ತು. ಅವ್ವ ಅಕ್ಷರ ಕೂಡಿಸಿಕೊಂಡು ತನ್ನ ಹೆಸರು ಓದಿದಳು. ಆಮೇಲೆ ಚೀಟಿಯ ಮೂಲೆಯನ್ನು ಬೆರಳಿನಿಂದ ಒತ್ತಿ, "ಅಂಟು ಸರಿ ಹಚ್ಚಿಲ್ಲ, ಎದ್ದದ ನೋಡು," ಎಂದಳು.

ಎದ್ದಿತ್ತು.